ಐಸ್‌ಕ್ರೀಮ್ ಮಾರುವವನ ಗಂಟಲು

ಕೊಳ್ಳೇಗಾಲದಲ್ಲಿ ನನ್ನ ಐಸ್‌ಕ್ರೀಮ್ ಅಂಗಡಿ ಇರುವುದು ಕಿವಿ, ಮೂಗು, ಗಂಟಲು ಡಾಕ್ಟರ ನರ್ಸಿಂಗ್ ಹೋಮಿನ ಎದುರಿಗೇ. ಇಂಥ ಜಾಗದಲ್ಲಿ ಕೂತವನನ್ನು ನಗೆಯ ಪ್ರಸಂಗಗಳು ತಾವೇ ಹುಡುಕಿಕೊಂಡು ಬರುತ್ತವೆ. ಗಂಟಲು ನೋವೆಂದು ಒಳಗೆ ಹೋಗುವವರು ನನ್ನ ಬೋರ್ಡನ್ನು ಕೊಲೆಗಾರನನ್ನು ನೋಡಿದ ಹಾಗೆ ನೋಡಿಕೊಂಡು ಹೋಗುತ್ತಾರೆ. ಟಾನ್ಸಿಲ್ ತೆಗೆಸಿದ ಮೇಲೆ ಡಾಕ್ಟರು ಐಸ್‌ಕ್ರೀಮ್ ಕೊಡಿ ಅಂದರೆ ಅದೇ ಜನ ನನ್ನ ಹತ್ತಿರವೇ ಓಡಿ ಬರುತ್ತಾರೆ.

ಆದರೆ ಒಂದು ಗುಟ್ಟಿತ್ತು. ಟಾನ್ಸಿಲ್ ಕಾಟ ನನಗೇ ಇತ್ತು. ಚಿಕ್ಕಂದಿನಿಂದ ಆಗಾಗ ಊದಿಕೊಂಡು, ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ಇದು ಗಿರಾಕಿಗಳಿಗೆ ಗೊತ್ತಾದರೆ ಮುಗಿಯಿತು, ಎಲ್ಲರೂ ಬಸ್‌ಸ್ಟ್ಯಾಂಡ್ ಹತ್ತಿರದ ಇನ್ನೊಂದು ಐಸ್‌ಕ್ರೀಮ್ ಅಂಗಡಿಗೆ ಹೋಗಿಬಿಡುತ್ತಾರೆ. ಹಾಗಾಗಿ ಗಂಟಲು ಊದಿದಾಗೆಲ್ಲ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದೆ. ಯಾಕೆ ಎಂದು ಕೇಳಿದರೆ ನೆಗಡಿ ಅನ್ನುವಂತಿಲ್ಲ, ಹಲ್ಲುನೋವು ಅನ್ನುವಂತಿಲ್ಲ, ಎಲ್ಲವೂ ಐಸ್‌ಕ್ರೀಮಿನ ತಲೆಗೇ ಬರುತ್ತದೆ. ಬಿರುಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ, ಇದು ಫ್ಯಾಷನ್ ಅನ್ನುತ್ತಿದ್ದೆ.

ಥಂಡಿ ತೆಗೆದ ಐಸ್‌ಕ್ರೀಮ್

ಹೊನ್ನೂರಿನ ಅಜ್ಜಿಯೊಬ್ಬರು ಮೊಮ್ಮಗನಿಗೆ ಟಾನ್ಸಿಲ್ ಆಪರೇಷನ್ ಮಾಡಿಸಿ, ಮೂರನೇ ದಿನ ಅಂಗಡಿಗೆ ಕರೆತಂದರು. ಒಂದು ಕಪ್ ವೆನಿಲ್ಲಾ ಕೊಟ್ಟೆ. ಅಜ್ಜಿ ಕಪ್ಪನ್ನು ಮುಟ್ಟಿ ನೋಡಿ, ತಣ್ಣಗಿದೆ ಎಂದು ವಾಪಸ್ ಕೊಟ್ಟರು. ಐಸ್‌ಕ್ರೀಮ್ ಅಂದರೆ ತಣ್ಣಗೇ ಇರುತ್ತದೆ, ಡಾಕ್ಟರು ಹೇಳಿದ್ದೂ ಅದಕ್ಕೇ ಅಂದೆ.

"ಡಾಕ್ಟ್ರು ಐಸ್‌ಕ್ರೀಮ್ ಕೊಡಿ ಅಂದವ್ರೆ, ಥಂಡಿ ಕೊಡಿ ಅಂದಿಲ್ಲ. ವಸಿ ಬಿಸಿ ಮಾಡ್ಕೊಡಪ್ಪ" ಅಂದರು ಅಜ್ಜಿ.

ನನ್ನ ಹತ್ತಿರ ಒಲೆ ಎಲ್ಲಿಂದ ಬರಬೇಕು. ಅಜ್ಜಿ ಕಪ್ ತೆಗೆದುಕೊಂಡು ನೇರ ಪಕ್ಕದ ಟೀ ಅಂಗಡಿಗೆ ಹೋದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಾ ನೋಡಿದೆ. ಟೀ ಅಂಗಡಿಯವರು ಅದನ್ನು ಪಾತ್ರೆಗೆ ಸುರಿದು, ಕಾಯಿಸಿ, ಸೋಸಿ, ಲೋಟಕ್ಕೆ ಹಾಕಿದರು. ಆಮೇಲೆ ಅಭ್ಯಾಸಬಲದಿಂದ ಕೇಳಿದರು, "ಸಕ್ಕರೆ ಸಾಕಾ ಅಜ್ಜಿ, ಇನ್ನೊಂಚೂರು ಆಕ್ಲಾ?"

ನೆತ್ತಿಯ ಕೂದಲು

ನಮ್ಮ ಕಡೆ ಗಂಟಲು ನೋವು ಬಂದರೆ ಕಿರುನಾಲಿಗೆ ಬಿದ್ದಿದೆ ಅನ್ನುತ್ತಾರೆ. ಅದನ್ನು ಮೇಲೆತ್ತಬೇಕಾದರೆ ನೆತ್ತಿಯ ಕೂದಲನ್ನು ಒಂದು ಹಿಡಿ ಹಿಡಿದು 'ಟಪ್' ಎಂದು ಸದ್ದು ಬರುವ ಹಾಗೆ ಎಳೆಯಬೇಕು. ಲೊಕ್ಕನಹಳ್ಳಿಯ ರೈತರೊಬ್ಬರು, ರಾಗಿ ಹೊಲಕ್ಕೆ ಬರುವ ಆನೆಗಳನ್ನು ಕೂಗಿ ಕೂಗಿ, ತಮಟೆ ಬಡಿದು ಓಡಿಸುವವರು, ಗಂಟಲು ಕೆಟ್ಟು ಡಾಕ್ಟರ ಹತ್ತಿರ ಬಂದಿದ್ದರು. ಡಾಕ್ಟರು ಇನ್ನೂ ಬಂದಿಲ್ಲವೆಂದು ನನ್ನ ಅಂಗಡಿಯ ನೆರಳಿಗೆ ಬಂದು ಕೂತರು. ಟವೆಲ್ ತೆಗೆದರೆ ತಲೆ ತೊಳೆದಿಟ್ಟ ತಪ್ಪಲೆ.

"ಈ ನೆತ್ತಿ ಮ್ಯಾಲೆ ನಾಕು ಕೂದ್ಲಿದ್ದಿದ್ರ ಈ ಡಾಕ್ಟ್ರತ್ರ ಯಾಕ್ ಬತ್ತಿದ್ದೆ ಸಾ" ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಅವರ ಕಣ್ಣು ನನ್ನ ಮಫ್ಲರಿನ ಮೇಲೆ ಬಿತ್ತು. ಆಮೇಲೆ ನನ್ನ ದಟ್ಟ ಕೂದಲಿನ ಮೇಲೆ. ಪಾಪ, ಪರೋಪಕಾರಿ. ತಮಗಿಲ್ಲದ ಭಾಗ್ಯ ನನಗಾದರೂ ಇರಲಿ ಅಂದುಕೊಂಡು ಹಿಂದಿನಿಂದ ಬಂದು ನನ್ನ ನೆತ್ತಿಗೆ ಕೈ ಹಾಕಿ ಎಳೆದೇಬಿಟ್ಟರು. ಆನೆ ಓಡಿಸುವ ಕೈ ಅದು. ಒಳಗೆ ತಿನ್ನುತ್ತಿದ್ದ ಗಿರಾಕಿಗಳೆಲ್ಲ ಚಮಚ ಎತ್ತಿ ಹಿಡಿದು ನೋಡತೊಡಗಿದರು. ನನಗೆ ಜೀವವೇ ಬಾಯಿಗೆ ಬಂತು. ಗಂಟಲಿನ ವಿಷಯ ಹೊರಗೆ ಬರಬಾರದೆಂದು, ಹೊಳೆದದ್ದನ್ನು ಗಟ್ಟಿಯಾಗಿ ಹೇಳಿಬಿಟ್ಟೆ.

"ಏನಿಲ್ಲ, ತಲೆಯಲ್ಲಿ ಹೇನು ನೋಡ್ತಾ ಇದ್ದಾರೆ."

ಆ ಸಂಜೆ ಮತ್ತೆ ಯಾರೂ ಐಸ್‌ಕ್ರೀಮ್ ಕೇಳಲಿಲ್ಲ.

ಯಳಂದೂರಿನಲ್ಲಿ ಬಿಪಿ

ಎದುರಿನ ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆಂದು ಬಸ್ ಹತ್ತಿ ಯಳಂದೂರಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಅಲ್ಲಿನ ಬೆಂಚಿನ ಮೇಲೆ ನನ್ನಂತೆಯೇ ಮಫ್ಲರ್ ಸುತ್ತಿಕೊಂಡು ಒಬ್ಬ ಕೂತಿದ್ದ. ತಿರುಗಿದ. ಬಸ್‌ಸ್ಟ್ಯಾಂಡ್ ಅಂಗಡಿಯವನು. ಬಿಪಿ ತೋರಿಸಲು ಬಂದೆ ಅಂದೆ. ಅವನೂ ಬಿಪಿಗೇ ಬಂದಿದ್ದನಂತೆ. ಅಷ್ಟರಲ್ಲಿ ನರ್ಸ್ ಬಾಗಿಲಿಂದ ತಲೆ ಹಾಕಿ, ಟಾನ್ಸಿಲ್‌ನವರು ಇಬ್ಬರೂ ಬನ್ನಿ ಎಂದು ಕರೆದಳು. ಎದ್ದು ಹೋಗುತ್ತಾ ಅವನು ನನ್ನ ಕೈ ಹಿಡಿದು ಒತ್ತಿದ. ನಾನೂ ಒತ್ತಿದೆ. ಯಾರಿಗೂ ಹೇಳುವುದಿಲ್ಲವೆಂಬ ಭಾಷೆ ಅದು.

ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಇದು ಬರುವುದು ಸೋಂಕಿನಿಂದ, ಐಸ್‌ಕ್ರೀಮಿನಿಂದಲ್ಲ ಅಂದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಆಮೇಲೆ, ನೋವು ಕಮ್ಮಿಯಾದ ಕೂಡಲೇ ಮಾತ್ರೆ ನಿಲ್ಲಿಸುತ್ತೀರಲ್ಲ ಎಂದು ಬೈದರು. ಇಬ್ಬರಿಗೂ ಇಷ್ಟು ಸಲ ಮರುಕಳಿಸಿದೆ, ತೆಗೆಸುವುದೇ ಒಳ್ಳೆಯದು ಅಂದರು. ಏನೂ ಆಗಲ್ಲ, ಸೊಳ್ಳೆ ಕಚ್ಚಿದ ಹಾಗೆ ಎಂದು ಎಷ್ಟೋ ಮಕ್ಕಳಿಗೆ ಧೈರ್ಯ ಹೇಳಿದ ನಾನು ಬಾಗಿಲ ಕಡೆ ನೋಡಿದೆ. ದೂರದಲ್ಲಿ, ಯಾರಿಗೂ ಗೊತ್ತಾಗದ ಜಾಗದಲ್ಲಿ ಆಪರೇಷನ್ ಆಗುತ್ತದಾ ಎಂದು ಕೇಳಿದೆ.

"ದೂರ ಯಾಕ್ರಿ? ಕೊಳ್ಳೇಗಾಲದಲ್ಲೇ ಒಳ್ಳೆ ಡಾಕ್ಟರಿದ್ದಾರೆ. ಗುರುತು ಸುಲಭ, ಎದುರಿಗೇ ಒಂದು ಐಸ್‌ಕ್ರೀಮ್ ಅಂಗಡಿ ಇದೆ."

ಫ್ಲಾಸ್ಕ್

ಕೊನೆಗೆ ಅಂಗಡಿಗೆ 'ದೇವರ ದರ್ಶನಕ್ಕೆ ಬೆಟ್ಟಕ್ಕೆ ಹೋಗಿದ್ದೇವೆ' ಎಂದು ಬೋರ್ಡ್ ಹಾಕಿ, ಕತ್ತಲಾದ ಮೇಲೆ ರಸ್ತೆ ದಾಟಿ ಅಡ್ಮಿಟ್ ಆದೆ. ಆಪರೇಷನ್ ಆಯಿತು. ಸೊಳ್ಳೆಯಲ್ಲ, ಚೇಳು. ಮಾತಾಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ವಾರ್ಡಿನ ತುಂಬ ನನ್ನ ಗಿರಾಕಿಗಳೇ. ಮೂಗಿನ ತನಕ ಹೊದಿಕೆ ಎಳೆದುಕೊಂಡು ಮಲಗಿದ್ದೆ.

ಅಷ್ಟರಲ್ಲಿ ನಮ್ಮವ್ವ ಬಂದಳು. ಡಾಕ್ಟರು ಐಸ್‌ಕ್ರೀಮ್ ತರಲು ಹೇಳಿದ್ದರು. ಅವ್ವನ ಕೈಯಲ್ಲಿ ಫ್ಲಾಸ್ಕ್ ಇತ್ತು. ಮುಚ್ಚಳ ತೆಗೆದಳು, ಹಬೆ ಎದ್ದಿತು. ಹೊನ್ನೂರಿನ ಅಜ್ಜಿಯ ಕತೆ ಹೇಳಿ ಮನೆಯಲ್ಲಿ ಎಲ್ಲರನ್ನೂ ನಗಿಸಿದ್ದವನು ನಾನೇ. ಅವ್ವ ಮಾತ್ರ ಅವತ್ತು ನಕ್ಕಿರಲಿಲ್ಲ, ಈಗ ನೆನಪಾಯಿತು.

"ಎದ್ರುಕಬ್ಯಾಡ ಮಗ, ನಮ್ಮಂಗ್ಡಿದಲ್ಲ" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಶುರುಮಾಡಿದಳು. "ಅದ ತಿಂದೇ ಅಲ್ವಾ ನಿಂಗ ಇಂಗಾದ್ದು. ಇದು ಬಸ್‌ಸ್ಟ್ಯಾಂಡ್ ತಾವಿಂದು, ಅಂಗ್ಡಿ ಕೆಲ್ಸದ ಉಡ್ಗ ಕೊಟ್ಟ. ಆ ವಯ್ಯನ ಗಂಟ್ಲು ಒಂದಿನಾರ ಕೆಟ್ಟದ್ದ ಯಾರಾರ ಕಂಡಿದ್ದರಾ?"

ವಾರ್ಡಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಅರ್ಧ ನಿಮಿಷಕ್ಕೆ ನೆಲಸಮ. ಒಬ್ಬರು ಆಗಲೇ ಅವ್ವನ ಹತ್ತಿರ ಆ ಅಂಗಡಿಗೆ ದಾರಿ ಕೇಳುತ್ತಿದ್ದರು. ನಾನು ಕೈ ಆಡಿಸಿದೆ, ತಲೆ ಆಡಿಸಿದೆ. ಮಾತಾಡುವಂತಿದ್ದರೂ ಅವನ ಗುಟ್ಟು ಹೇಳುವಂತಿರಲಿಲ್ಲ, ಕೈ ಒತ್ತಿ ಕೊಟ್ಟ ಭಾಷೆ ಇತ್ತಲ್ಲ.

ಆಗ ಪಕ್ಕದ ಮಂಚದ ಪರದೆ ಸರಿಯಿತು. ಅಲ್ಲಿ, ಮೂಗಿನ ತನಕ ಹೊದ್ದುಕೊಂಡು, ಬಸ್‌ಸ್ಟ್ಯಾಂಡ್ ಅಂಗಡಿಯವನು. ಅವನಿಗೂ ಆಪರೇಷನ್ ಆಗಿತ್ತು, ಮಾತಾಡುವಂತಿಲ್ಲ. ಇನ್ನೇನೂ ಹೇಳಬೇಡಿ ಎಂದು ಅವ್ವನಿಗೆ ಎರಡೂ ಕೈ ಮುಗಿಯುತ್ತಿದ್ದ.

ಅವ್ವ ಅವನನ್ನು ನೋಡಿದಳು, ಫ್ಲಾಸ್ಕ್ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅವನಿಗೂ ಒಂದು ಲೋಟ ಬಗ್ಗಿಸಿ ಹತ್ತಿರ ಹಿಡಿದಳು.

"ಕುಡಿಯಪ್ಪ, ನಾಚ್ಕಬ್ಯಾಡ. ಐಸ್‌ಕ್ರೀಮು ನಿಮ್ಮಂಗ್ಡಿದೇಯ. ಮೆಣಸು ಮಾತ್ರ ನಮ್ದು."