ಗಾಜಿನೊಳಗಿನ ಬಸ್ತಾ

ಗಿರಾಕಿಗಳು ಚಪ್ಪಲಿ ಎಲ್ಲಿ ಬಿಡುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಯೋಚಿಸದೆ ಅಂಗಡಿ ಕಟ್ಟಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ನನ್ನ ಸಿಟ್ಟು ಬಹಳ ಶಿಸ್ತಿನದು. ಸಂಬಳ ಕೊಡುವವರ ಎದುರು ಅದು ಎಂದೂ ಬಾಯಿ ಬಿಟ್ಟಿಲ್ಲ. ನಾನಿರುವುದು ಬೆಳಗಾವಿಯ ಶಿವಬಸವ ನಗರದಲ್ಲಿ, ದಿನಾ ಬಸ್ಸು ಹಿಡಿದು ಹೋಗುವುದು ಖಾನಾಪುರಕ್ಕೆ. ಅಲ್ಲಿರುವ ನಮ್ಮ ಕಂಪನಿಯ ಸೀರೆ ಅಂಗಡಿಗೆ ನಾನೇ ಮ್ಯಾನೇಜರ್. ಮೊದಲು ಅದು ಹಳೆಯ ನಮೂನೆಯ ಜವಳಿ ಅಂಗಡಿ: ಹೆಂಚಿನ ಮಾಡು, ನೆಲದ ತುಂಬ ಬಿಳಿ ಗಾದಿ, ಒರಗಲು ಲೋಡು. ಬೆಂಗಳೂರಿನಲ್ಲಿರುವ ನಮ್ಮ ವಿನ್ಯಾಸದ ಸಾಹೇಬರು ಖಾನಾಪುರವನ್ನು ಒಮ್ಮೆಯೂ ನೋಡದೆ ಅದನ್ನೆಲ್ಲ ಕಿತ್ತುಹಾಕಿಸಿದರು. ಗಾಜಿನ ಬಾಗಿಲು, ಹಾಲಿನಂಥ ನೆಲ, ಥಂಡಿ ಹೊಡೆಯುವ ಎಸಿ ಬಂದವು. ಕೂರಲು ಒಂದು ಸ್ಟೂಲೂ ಇಲ್ಲ. ಗಿರಾಕಿ ಓಡಾಡುತ್ತ ಇದ್ದರೆ ಹೆಚ್ಚು ಕೊಳ್ಳುತ್ತಾನೆ ಎಂಬುದು ಅವರ ಸಿದ್ಧಾಂತ.

ಮಳೆಗಾಲದಲ್ಲಿ ಕೆಂಪು ರಾಡಿ ತುಳಿದು ಬಂದ ಜನ ಆ ನೆಲ ನೋಡಿ ಹೊರಗೇ ನಿಂತರು. ಧೈರ್ಯ ಮಾಡಿ ಒಳಗೆ ಬಂದ ಒಬ್ಬ ಹೆಂಗಸು ಚಳಿಗೆ ಸೆರಗು ಹೊದ್ದುಕೊಂಡು, ಸೀರೆ ತೋರಿಸುವ ನಮ್ಮ ಮೌಲಾಸಾಬನನ್ನು ಮೆಲ್ಲಗೆ ಕೇಳಿದಳು: "ಡಾಕ್ಟರು ಯಾವಾಗ ಬರ್ತಾರ್ರಿ?"

ವ್ಯಾಪಾರ ಬಿತ್ತು. ಸಾಹೇಬರು ಫೋನು ಮಾಡಿದರು. "ಶನಿವಾರ ನಾನೇ ಬಂದು ನೋಡ್ತೀನಿ. ನಡೆಯಲ್ಲ ಅನ್ನಿಸಿದರೆ ಅಂಗಡಿ ಮುಚ್ಚಿ ನಿಮ್ಮನ್ನ ಹಿಂಡಲಗಾ ಗೋದಾಮಿಗೆ ಹಾಕ್ತೀವಿ." ಬೆಂಗಳೂರಿನವರಿಗೆ ಹಿಂಡಲಗಾ ಎಂದರೆ ಒಂದು ಊರು, ಬೆಳಗಾವಿಯವರಿಗೆ ಹಿಂಡಲಗಾ ಎಂದರೆ ಜೇಲು. ಸುದ್ದಿ ಕೇಳಿ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಮ್ಮ ಮನಿಯವರನ್ನ ಹಿಂಡಲಗಾಕ್ಕ ಹಾಕ್ಯಾರ ಅಂತ ತವರುಮನ್ಯಾಗ ಹ್ಯಾಂಗ ಹೇಳ್ಲಿ? ಏನ ಮಾಡಿದ್ರು ಅಂತ ಕೇಳ್ತಾರ." ಏನೂ ಮಾಡಲಿಲ್ಲ, ಅದಕ್ಕೇ ಹಾಕಿದರು ಎಂದು ಹೇಳು ಎಂದೆ. ತಮಾಷೆ ಮಾಡಿದೆನೇ ಹೊರತು ನಿದ್ದೆ ಹಾರಿಹೋಗಿತ್ತು. ನನಗಾದರೂ ಗೋದಾಮು ಇತ್ತು. ಅಂಗಡಿ ಮುಚ್ಚಿದರೆ ಮೌಲಾಸಾಬನಿಗೆ ಅದೂ ಇರಲಿಲ್ಲ.

ಉಳಿದದ್ದು ಒಂದೇ ಆಸೆ: ಬಸ್ತಾ. ಮದುವೆ ಗೊತ್ತಾದ ಮನೆಯವರು ಬಳಗವನ್ನೆಲ್ಲ ಕಟ್ಟಿಕೊಂಡು ಬಂದು, ಒಂದೇ ಅಂಗಡಿಯಲ್ಲಿ ಕೂತು ಮದುವೆಯ ಬಟ್ಟೆಯನ್ನೆಲ್ಲ ಆರಿಸುವುದಕ್ಕೆ ನಮ್ಮ ಕಡೆ ಬಸ್ತಾ ಎನ್ನುತ್ತಾರೆ. ತುಳಸಿ ಲಗ್ನ ಮುಗಿದು ಮದುವೆಯ ಕಾಲ ಶುರುವಾಗಿತ್ತು. ಮೌಲಾಸಾಬ ಪರಿಚಯದ ಮನೆಯೊಂದರ ಬಸ್ತಾವನ್ನು ಶನಿವಾರಕ್ಕೇ ಗೊತ್ತುಮಾಡಿದ. ನಾನು ಹಿಗ್ಗಿನಿಂದ ಸಾಹೇಬರಿಗೆ ಫೋನು ಮಾಡಿ, "ಸರ್, ಶನಿವಾರ ಬಸ್ತಾ ಐತ್ರಿ" ಎಂದೆ. ಸಾಹೇಬರಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಹಿಂದಿಯಲ್ಲಿ ಬಸ್ತಾ ಎಂದರೆ ಶಾಲೆಯ ಚೀಲ. "ಸೀರೆ ಅಂಗಡೀಲಿ ಸ್ಕೂಲ್ ಬ್ಯಾಗ್ ಯಾಕ್ರೀ ಇಟ್ಟಿದ್ದೀರಾ?" ಎಂದು ರೇಗಿ ಫೋನು ಇಟ್ಟರು.

ಶನಿವಾರ ಬೆಳಿಗ್ಗೆ ಬಳಗ ಬಂತು. ಎಲ್ಲರ ಮುಂದೆ ಮದುಮಗಳ ಆಯಿ, ಅಂದರೆ ಅಜ್ಜಿ. ಬಂದವಳೇ ಸುತ್ತ ನೋಡಿ, "ಗಾದಿ ಎಲ್ಲೈತ್ರಿ?" ಎಂದಳು.

"ಈಗ ಗಾದಿ ಇಲ್ರಿ ಆಯಿ. ನಿಂತ ನೋಡೂದು."

"ನಿಂತ ಬರೂದು ಬಸ್ಸಿನ್ಯಾಗ. ಬಸ್ತಾ ಕುಂತ ಮಾಡೂದು. ನಡೀರಿ, ಬೆಳಗಾವಿಗೆ ಹೋಗೂಣು."

ಬಳಗವೆಲ್ಲ ಬಾಗಿಲ ಕಡೆ ತಿರುಗಿತು. ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಆಯಿಯ ಕಣ್ಣು ರಸ್ತೆಗೆ ಕಾಣುವ ದೊಡ್ಡ ಗಾಜಿನ ಹಿಂದಿನ ಕಟ್ಟೆಯ ಮೇಲೆ ಬಿತ್ತು. ಅಲ್ಲಿ ಮೆತ್ತನೆಯ ಬಿಳಿ ಹಾಸಿನ ಮೇಲೆ ಸೀರೆ ಉಟ್ಟ ಬೊಂಬೆಗಳು ನಿಂತಿದ್ದವು. "ಐತಲ್ಲ ಗಾದಿ. ಸುಳ್ಳ ಯಾಕ ಹೇಳ್ತೀರಿ?" ಎಂದವಳೇ ಚಪ್ಪಲಿ ಬಿಟ್ಟು ಮೇಲೆ ಹತ್ತಿದಳು. "ಸ್ವಲ್ಪ ಸರಕೋರವಾ" ಎಂದು ಬೊಂಬೆಗಳನ್ನು ಬದಿಗೆ ಸರಿಸಿ ಕಾಲು ಚಾಚಿ ಕೂತಳು. ಹಿಂದೆಯೇ ಬಳಗವೂ ಹತ್ತಿತು.

ಬೊಂಬೆಗಳನ್ನು ಯಾರೂ ಮುಟ್ಟಬಾರದೆಂದು ಸಾಹೇಬರ ಕಟ್ಟಪ್ಪಣೆ. ಇವರನ್ನು ಇಳಿಸಿದರೆ ಬಸ್ತಾ ಹೋಗುತ್ತದೆ, ಇಳಿಸದಿದ್ದರೆ ನಾನು ಹೋಗುತ್ತೇನೆ. "ಏನ ಮಾಡೂದ್ರಿ?" ಎಂದ ಮೌಲಾಸಾಬ. "ಚಾ ತರಸು" ಎಂದೆ. ಹೆದರಿದಾಗ ನನಗೆ ಹೊಳೆಯುವ ಉಪಾಯ ಅದೊಂದೇ.

"ನೀವೂ ಮ್ಯಾಲ ಬರ್ರಿ, ಕುಂದರ್ರಿ. ಕೆಳಗ ನಿಂತ ಸೀರಿ ಹ್ಯಾಂಗ ತೋರಸ್ತೀರಿ?" ಎಂದಳು ಆಯಿ. ಕುತ್ತಿಗೆಯಲ್ಲಿ ಕಂಪನಿಯ ಟೈ, ಕಾಲಲ್ಲಿ ತೂತುಬಿದ್ದ ಕಾಲುಚೀಲ, ಹತ್ತಿ ಕೂತೆ. ಸೆರಗು ಹೇಗೆ ಕಾಣುತ್ತದೆ ನೋಡಲು ಆಯಿ ಒಂದು ಹಸಿರು ಇಳಕಲ್ ಸೀರೆಯನ್ನು ನನ್ನ ಹೆಗಲ ಮೇಲೆ ಹೊದಿಸಿದಳು. ರಸ್ತೆಯಲ್ಲಿ ಜನ ನಿಂತು ನೋಡತೊಡಗಿದರು. ನಿಂತವರಲ್ಲಿ ಕೆಲವರು ಚಪ್ಪಲಿ ಬಿಟ್ಟು ಒಳಗೂ ಬಂದರು. ಆಗಲೇ ಕಾರೊಂದು ಬಂದು ನಿಂತಿತು. ಇಳಿದವರು ಸಾಹೇಬರು. ನಾನು ಅವರ ಫೋಟೋ ಕಂಡಿದ್ದೆ, ಅವರು ನನ್ನ ಮುಖ ಕಂಡಿರಲಿಲ್ಲ. ಗಾಜಿಗೆ ಮೂಗು ಹಚ್ಚಿ ಒಳಗೆ ನೋಡಿದರು. ಸೆರಗು ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು, ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು ಕೂತುಬಿಟ್ಟೆ.

ಸಾಹೇಬರು ಒಳಗೆ ಬಂದರು. ಬಾಗಿಲಲ್ಲಿ ರಾಶಿಬಿದ್ದ ಚಪ್ಪಲಿ ನೋಡಿ ಏನನ್ನಿಸಿತೋ, ತಾವೂ ಬೂಟು ಕಳಚಿದರು. ಹರವಿದ ಸೀರೆಗಳನ್ನೂ ಚಹಾ ಕುಡಿಯುತ್ತಿದ್ದ ಬಳಗವನ್ನೂ ನೋಡುತ್ತ ನಿಂತರು. ಮೌಲಾಸಾಬ ಅವರ ಮುಂದೆಯೂ ಒಂದು ಕಪ್ಪು ಚಹಾ ಹಿಡಿದ.

"ಈ ಅಂಗಡಿ ಮುಚ್ಚೋದು ಬೇಡ" ಎಂದರು ಅವನಿಗೆ. "ಈ ಗಾದಿ ಇನ್ನೂ ದೊಡ್ಡದು ಮಾಡಿಸಿ. ಈಗ ಇದು ಖಾನಾಪುರದ ಅಂಗಡಿ ಹಾಗೆ ಕಾಣ್ತಿದೆ."

ಹೋದ ಜೀವ ಬಂತು. ಇನ್ನೇನು ಎದ್ದು ನಮಸ್ಕಾರ ಹೇಳಬೇಕು, ಅಷ್ಟರಲ್ಲಿ ಸಾಹೇಬರು ನನ್ನ ಕಡೆ ಬೆರಳು ತೋರಿಸಿದರು.

"ಆದರೆ ಆ ಟೈ ಕಟ್ಟಿರೋ ಬೊಂಬೆ ತೆಗೆಸಿಬಿಡಿ. ಈ ಊರಿಗೆ ಹೊಂದಲ್ಲ."