ದುರುಗಪ್ಪನವರ ಎಡಗೈ ಬೆರಳು

ನೀವು ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ಸಣ್ಣಗೆ ಬೆವರು ಬರುತ್ತದೆ. ಡಾಕ್ಟರು, ಮೇಷ್ಟ್ರು, ವಕೀಲರು ಇವರೆಲ್ಲ ಒಂದೇ ಮಾತಿನಲ್ಲಿ ಉತ್ತರ ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ನನ್ನ ಭಾಗ್ಯ ಹಾಗಿಲ್ಲ. ‘ಡ್ಯಾನ್ಸ್ ಮೂವ್‌ಮೆಂಟ್ ಥೆರಪಿ’ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಮೊದಲನೆಯ ಪದವನ್ನು ಹಿಡಿದುಕೊಂಡು ಬಹಳ ದೂರ ಹೋಗಿಬಿಟ್ಟಿರುತ್ತಾರೆ. ಹೊಸಪೇಟೆಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಹಾಲಿನಲ್ಲಿ ನಾನು ಬೋರ್ಡು ತೂಗುಹಾಕಿದ ಮೊದಲ ವಾರ ಬಂದವರೆಲ್ಲ ಮಕ್ಕಳನ್ನು ಶಾಲೆಯ ಗ್ಯಾದರಿಂಗಿನ ಕುಣಿತಕ್ಕೆ ತಯಾರು ಮಾಡಿಸಬೇಕೆಂದಿದ್ದ ತಾಯಂದಿರು. ಮನಸ್ಸಿನ ಗಂಟು ದೇಹದಲ್ಲಿ ಹೇಗೆ ಕೂತಿರುತ್ತದೆ, ದೇಹ ಅಲುಗಾಡಿದರೆ ಅದು ಹೇಗೆ ಸಡಿಲವಾಗುತ್ತದೆ ಎಂದು ಅವರಲ್ಲೊಬ್ಬಾಕೆಗೆ ಇಪ್ಪತ್ತು ನಿಮಿಷ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಇರ್ಲಿ ಬಿಡ್ರಿ ಮೇಡಂ, ಸ್ಟೆಪ್ಸ್ ಎಷ್ಟು ದಿನದಾಗ ಕಲಿಸ್ತೀರಿ?” ಎಂದಳು. ನಮ್ಮ ಅವ್ವನಂತೂ ಮಗಳು ಫಿಜಿಯೋಥೆರಪಿ ಓದಿದ್ದಾಳೆ ಎಂದು ಓಣಿಗೆಲ್ಲ ಹೇಳಿಟ್ಟಿದ್ದಾಳೆ. ಇದರ ಜೊತೆಗೆ ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ: ನನಗೆ ಕುಣಿಯಲು ಬರುವುದಿಲ್ಲ. ನಮ್ಮ ಮನೆತನದಲ್ಲಿ ಯಾವ ಹೆಂಗಸೂ ಕುಣಿದವಳಲ್ಲ. ಮದುವೆಗಳಲ್ಲಿ ಉಳಿದವರು ಕುಣಿಯುವಾಗ ನಾನು ಎಲ್ಲರ ವ್ಯಾನಿಟಿ ಬ್ಯಾಗು ಹಿಡಿದುಕೊಂಡು ನಿಂತಿರುತ್ತೇನೆ.

ನಾನು ಪುಣೆಯಲ್ಲಿ ಈ ವಿದ್ಯೆ ಕಲಿಯುವಾಗ ನಮ್ಮ ಗುರುಗಳು ಒಂದು ನೋಟ್‌ಬುಕ್ಕಿನ ವ್ರತ ಹಿಡಿಸಿದ್ದರು. ಎಡಪುಟದಲ್ಲಿ ‘ಕಂಡದ್ದು’, ಬಲಪುಟದಲ್ಲಿ ‘ಅಂದುಕೊಂಡದ್ದು’ ಬರೆಯಬೇಕು. ಎದುರಿಗೆ ಬಂದವರ ಸಂಸ್ಕೃತಿಯನ್ನು ತಿಳಿಯುವ ಮೊದಲು ನಿಮ್ಮ ತಲೆಯೊಳಗೆ ಏನೇನು ತುಂಬಿದೆ ನೋಡಿಕೊಳ್ಳಿ ಎಂಬುದು ಅದರ ಸಾರ. ನನ್ನ ಎಡಪುಟಗಳು ತುಂಬಿ ತುಳುಕುತ್ತಿದ್ದವು. ಬಲಪುಟಗಳು ಮಾತ್ರ ಎಷ್ಟು ಖಾಲಿ ಇದ್ದವೆಂದರೆ ಅವ್ವ ಅವುಗಳ ಮೇಲೆ ಕಿರಾಣಿ ಪಟ್ಟಿ ಬರೆಯಲು ಶುರು ಮಾಡಿದ್ದಳು. ನಾನು ಏನನ್ನೂ ಅಂದುಕೊಳ್ಳುವುದೇ ಇಲ್ಲ, ಇದ್ದದ್ದನ್ನು ಇದ್ದಹಾಗೆ ಕಾಣುವವಳು ಎಂದು ನನಗೆ ಆಗ ಖಾತ್ರಿಯಿತ್ತು.

ಹೀಗಿರುವಾಗ ನನ್ನ ಗುರುವಾರದ ಗುಂಪು ಶುರುವಾಯಿತು. ಕಂಪ್ಲಿ ಕಡೆಯ ಮೆಟ್ರಿಯಿಂದ ಈರಮ್ಮ ಬರುತ್ತಿದ್ದಳು. ಐವತ್ತು ದಾಟಿದ ಕೂಲಿ ಹೆಂಗಸು. ಎಲ್ಲ ಪರೀಕ್ಷೆಗಳಲ್ಲೂ ಏನೂ ಇಲ್ಲವೆಂದು ಬಂದಮೇಲೂ ಮೈಕೈ ನೋವು ಹೋಗದಿದ್ದಾಗ ಅವಳ ಡಾಕ್ಟರು ನನ್ನ ಕಡೆ ಕಳಿಸಿದ್ದರು. ಮೊದಲ ದಿನ ನಾನು ಮೆಲ್ಲಗೆ ಸಂಗೀತ ಹಾಕಿ, “ನಿಮ್ಮ ದೇಹ ಏನು ಮಾಡು ಅನ್ನುತ್ತೋ ಅದನ್ನೇ ಮಾಡ್ರಿ, ಯಾವ ಸಂಕೋಚನೂ ಬ್ಯಾಡ” ಎಂದೆ. ಈರಮ್ಮ ಒಂದು ಕ್ಷಣ ಯೋಚಿಸಿ, ಚಾಪೆಯ ಮೇಲೆ ಅಡ್ಡಾಗಿ, ಸೆರಗು ಮುಖದ ಮೇಲೆ ಎಳೆದುಕೊಂಡು ಗೊರಕೆ ಹೊಡೆದಳು. ‘ಪ್ರಬಲ ಪ್ರತಿರೋಧ’ ಎಂದು ನಾನು ಎಡಪುಟದಲ್ಲಿ ಬರೆದೆ. ಎಚ್ಚರವಾದ ಮೇಲೆ ಅವಳೇ ಹೇಳಿದಳು: “ನಸುಕಿನಾಗ ಎದ್ದು ನಾಟಿ ಹಚ್ಚಿ ಬಂದೀನಿ ಮೇಡಮ್ಮ. ಭಾಳ ಚಲೋ ಐತಿ ನಿಮ್ಮ ಔಷಧ.”

ಅದೇ ಗುಂಪಿಗೆ ತೋರಣಗಲ್ಲು ಕಡೆಯ ವಡ್ಡುವಿನಿಂದ ದುರುಗಪ್ಪನವರು ಬಂದರು. ಲಕ್ವ ಹೊಡೆದು ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು, ಮಾತು ಒಂದೆರಡು ಪದಕ್ಕೆ ಇಳಿದಿತ್ತು. ಕರೆತಂದವಳು ಅವರ ಮಗಳು ಸುಜಾತಾ. ತೋರಣಗಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ವಾರದ ರಜೆಯ ದಿನವನ್ನು ಅಪ್ಪನಿಗೆಂದೇ ಇಟ್ಟಿದ್ದಳು. ಅವಳು ನನ್ನನ್ನು ಬಾಗಿಲ ಕಡೆ ಕರೆದು ದನಿ ತಗ್ಗಿಸಿ, “ಮೇಡಂ, ಎಂಟು ತಿಂಗಳಾತ್ರಿ ಅಪ್ಪ ಮನಿ ಹೊಸ್ತಿಲ ದಾಟಿಲ್ಲ. ಫಿಜಿಯೋದವರೂ ಮನಿಗೇ ಬರ್ತಾರ. ನಾಕು ಜನ ಇರ್ತಾರ ಬಾ ಅಂತ ಕೈಕಾಲು ಬಿದ್ದು ಕರ್ಕೊಂಡು ಬಂದೀನಿ. ಇದೂ ಬ್ಯಾಡ ಅಂದ್ರ ಮತ್ತ ಗ್ವಾಡಿ ಕಡೆ ಮಖ ಮಾಡಿ ಮಲಗಿಬಿಡ್ತಾನ” ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ನಾನಿದ್ದೇನಲ್ಲ, ಚಿಂತಿಸಬೇಡಿ ಎಂದೆ. ಆ ಮಾತನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸುಜಾತಾ ತುಂಬಿಕೊಟ್ಟ ಅರ್ಜಿಯಲ್ಲಿ ‘ಹಿನ್ನೆಲೆ’ ಎಂಬಲ್ಲಿ ‘ಬೌದ್ಧ’ ಎಂದು ಬರೆದಿತ್ತು. ನನ್ನೊಳಗಿನ ಸಂಸ್ಕೃತಿಪ್ರಜ್ಞೆ ಧಡಕ್ಕನೆ ಎದ್ದು ಕೂತಿತು. ಭಾನುವಾರವೇ ಹಂಪಿಗೆ ಹೋಗಿ, ಪ್ರವಾಸಿಗರ ಅಂಗಡಿಯಲ್ಲಿ, ಅಂಚಿನ ಸುತ್ತ ಕೋಲು ತಿರುಗಿಸಿದರೆ ಗುಂಯ್ ಎನ್ನುವ ಒಂದು ಕಂಚಿನ ಬಟ್ಟಲು ಕೊಂಡೆ. ಅಂಗಡಿಯಾಕೆ, “ಇದನ್ನ ಫಾರಿನ್ನವರು ತಗೊಂತಾರ್ರಿ. ನಿಮಗ್ಯಾಕ್ರಿ ಅಕ್ಕಾ?” ಎಂದು ಎಚ್ಚರಿಸಿದ್ದಳು, ನಾನು ಕೇಳಲಿಲ್ಲ. ಗುರುವಾರ ಅದನ್ನು ಗುಂಯ್‌ಗುಟ್ಟಿಸುತ್ತ ದುರುಗಪ್ಪನವರ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಅವರು ಕುತ್ತಿಗೆ ಚಾಚಿ ಬಟ್ಟಲಿನೊಳಗೆ ಏನಿದೆ ಎಂದು ನೋಡಿದರು. ಏನೂ ಇರಲಿಲ್ಲ. ಈರಮ್ಮ ಮಾತ್ರ ಆಸೆಯಿಂದ, “ಕೊನೀಗೆ ಅದರಾಗ ಏನರ ಹಾಕಿ ಕೊಡ್ತೀರೇನ್ರಿ?” ಎಂದು ಕೇಳಿದಳು.

ಆದರೆ ಅಂದು ನಾನೊಂದು ದೊಡ್ಡ ಸಂಗತಿ ಕಂಡುಹಿಡಿದೆ. ನಾನು ಮಾತಾಡುತ್ತಿದ್ದಾಗ ದುರುಗಪ್ಪನವರ ಎಡಗೈಯ ತೋರುಬೆರಳು ಕುರ್ಚಿಯ ಪ್ಲಾಸ್ಟಿಕ್ ಕೈಗೆ ತಾಗುತ್ತ ಟಕ್, ಟಕ್, ಟಕ್ ಎನ್ನುತ್ತಿತ್ತು. ತಾಳ! ದೇಹದ ಆಳದಲ್ಲಿ ಹೂತುಹೋದ ಲಯ! ಬೌದ್ಧರಾಗುವ ಮೊದಲು ಇವರ ಹಿರಿಯರು ಯಾರಿದ್ದಿರಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಹಲಗೆವಾದ್ಯ ಬಾರಿಸುವವರು ಎಂದು ಉತ್ತರ ಬಂತು. ಯಾರನ್ನೂ ಕೇಳಲಿಲ್ಲ. ನಮ್ಮ ವೃತ್ತಿಯಲ್ಲಿ ಕೇಳುವುದಕ್ಕಿಂತ ಗಮನಿಸುವುದು ದೊಡ್ಡದೆಂದು ನಾನು ನಂಬಿದ್ದೆ.

ಜಾನಪದ ತಂಡದ ಪರಿಚಯದವರೊಬ್ಬರಿಂದ ಹಲಗೆ ತಂದೆ. ಅದರ ಚರ್ಮ ಬಿಗಿಯಾಗಲು ಬೆಂಕಿಗೆ ಕಾಯಿಸಬೇಕಂತೆ. ನಾನು ಅಡುಗೆಮನೆಯ ಗ್ಯಾಸ್ ಒಲೆಯ ಮೇಲೆ ಹಿಡಿದೆ. ವಾಸನೆಗೆ ಓಡಿಬಂದ ಅವ್ವ, “ಏ ಹುಚ್ಚಿ, ರೊಟ್ಟಿ ಮಾಡೋ ಒಲಿ ಮ್ಯಾಲ ಏನ ಸುಡಾಕ ಹತ್ತೀಯ?” ಎಂದು ಕೂಗಾಡಿದಳು. ಆಮೇಲೆ ಒಲೆಯನ್ನು ಮೂರು ಸಲ ತೊಳೆದಳು. ಅದನ್ನು ಕಂಡು ನಾನು ಅವಳಿಗೆ ಜಾತಿಯ ವಿಷಯದಲ್ಲಿ ಅರ್ಧ ಗಂಟೆ ಭಾಷಣ ಮಾಡಿ, ಬಹಳ ಹಗುರವಾದ ಮನಸ್ಸಿನಿಂದ ಹಲಗೆ ಎತ್ತಿಕೊಂಡು ಹಾಲಿಗೆ ಹೋದೆ.

ದುರುಗಪ್ಪನವರ ಮಡಿಲಲ್ಲಿ ಹಲಗೆ ಇಟ್ಟು, “ಇದು ನಿಮ್ಮದು, ಬಾರಿಸ್ರಿ” ಎಂದೆ. ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. ಎಡಗೈಯಿಂದ ಅದನ್ನು ಎತ್ತಿ ಪಕ್ಕದ ಕುರ್ಚಿಯ ಮೇಲೆ ಇಟ್ಟು, ಮಗಳ ಕಡೆ ಕೈ ಚಾಚಿದರು. ಸುಜಾತಾ ಅವರನ್ನು ಎಬ್ಬಿಸಿದಳು. ಬಾಗಿಲ ಬಳಿ ನಿಂತು, ಸಿಟ್ಟಿಗಿಂತ ಹೆಚ್ಚಾಗಿ ದಣಿವಿನ ದನಿಯಲ್ಲಿ ಹೇಳಿದಳು: “ನಮ್ಮ ಹಳೇ ಊರಾಗ ಯಾರರ ಸತ್ರ ಬಂದು ಬಡಿ ಅಂತಿದ್ರು ಮೇಡಂ. ಬರಂಗಿಲ್ಲ ಅಂತ ಹೇಳಿದ್ದು ನಮ್ಮಪ್ಪನೇ. ಆಮ್ಯಾಲ ನಮ್ಮ ಮನಿಯವರನ್ನ ಯಾರೂ ಕೂಲಿಗೆ ಕರೀಲಿಲ್ಲ. ಅದಕ್ಕ ಊರು ಬಿಟ್ಟು ಇಲ್ಲಿಗೆ ಬಂದ್ವಿ. ನಾ ಆಗ ಮೂರು ವರ್ಷದಾಕಿ.” ಮೆಟ್ಟಿಲಿಳಿಯುವ ಸದ್ದು ಬಹಳ ಹೊತ್ತು ಕೇಳಿಸಿತು, ಅವರಿಗೆ ಒಂದೊಂದು ಮೆಟ್ಟಿಲೂ ಕಷ್ಟ.

ನಾನು ಕುರ್ಚಿಯ ಮೇಲಿನ ಹಲಗೆಯನ್ನೇ ನೋಡುತ್ತ ನಿಂತೆ. ಈರಮ್ಮ ನಿಧಾನವಾಗಿ, “ಕೇಳಿದ್ರ ಆಗ್ತಿತ್ತಲ್ಲ ಮೇಡಮ್ಮ, ಬಾಯಿ ಐತೆಲ್ಲ ನಿಮಗ” ಎಂದಳು. ಆ ಚರ್ಮದ ವಸ್ತುವನ್ನು ಕಂಡು ಅವ್ವನಿಗೆ ಯಾರು ನೆನಪಾದರೋ ನನಗೂ ಅವರೇ ನೆನಪಾಗಿದ್ದರು. ಅವಳು ಒಲೆ ತೊಳೆದಳು. ನಾನು ಅದನ್ನು ಒಬ್ಬ ಹಿರಿಯರ ಮಡಿಲಿಗೆ ಹಾಕಿದೆ. ಇಬ್ಬರಲ್ಲಿ ಯಾರು ಹೆಚ್ಚು ಕೆಡುಕು ಮಾಡಿದರು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಲೆಕ್ಕ ನನ್ನ ಪರವಾಗಿ ಬರುತ್ತಿಲ್ಲ.

ಎರಡು ಗುರುವಾರ ಅವರು ಬರಲಿಲ್ಲ. ಫೋನು ಮಾಡಿದರೆ ಸುಜಾತಾ, “ಮಲಗ್ಯಾನ್ರಿ” ಎಂದಷ್ಟೇ ಹೇಳಿದಳು. ಯಾವ ಕಡೆ ಮುಖ ಮಾಡಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮೂರನೆಯ ಗುರುವಾರ ಗುಂಪಿಗೆ ರಜೆ ಹೇಳಿ ತೋರಣಗಲ್ಲಿನ ಬಸ್ಸು ಹತ್ತಿದೆ. ಶಿಫ್ಟಿಗೆ ಹೊರಟವರ ಹೆಲ್ಮೆಟ್ಟುಗಳ ನಡುವೆ ನಿಂತು ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡೆ. ಅಲ್ಲಿಂದ ಆಟೊ ಹಿಡಿದು ವಡ್ಡು ಮುಟ್ಟಿದೆ. ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ನೀಲಿ ಕೋಟಿನ ಚಿತ್ರ. ಅದರ ಕೆಳಗೆ ಕಬ್ಬಿಣದ ಮಂಚ, ಮಂಚದಲ್ಲಿ ಗೋಡೆಗೆ ಮುಖ ಮಾಡಿದ ದುರುಗಪ್ಪನವರು. ನಾನು ಬಂದದ್ದು ತಿಳಿದು ಮಗಳ ಆಸರೆಯಲ್ಲಿ ಎದ್ದು ಕೂತರು. “ಬರ್ರಿ, ಕುಂದ್ರಿ” ಎಂದಳು ಸುಜಾತಾ.

ತಪ್ಪಾಯಿತು ಎಂಬ ಒಂದೇ ಮಾತು ಸಾಕಿತ್ತು. ಆದರೆ ನನ್ನ ಬಾಯಿ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ತಪ್ಪಾಯಿತು ಎಂದವಳು ನನ್ನ ತರಬೇತಿ, ನನ್ನ ಮನೆತನ, ನನ್ನ ನೋಟ್‌ಬುಕ್ಕು, ಸಮಾಜದ ಚರಿತ್ರೆ ಎಂದು ಏರುತ್ತಲೇ ಹೋದೆ. ಆಗ ಕೇಳಿಸಿತು: ಟಕ್, ಟಕ್, ಟಕ್. ಎಡಗೈ ಬೆರಳು ಮಂಚದ ಪಟ್ಟಿಗೆ ತಾಗುತ್ತಿತ್ತು. ಈ ಸಲ ನಾನು ಕೇಳಿದೆ. “ಸುಜಾತಾ, ಇದು ಏನ್ರಿ?”

“ಇದಾ? ಕ್ರೇನಿನ ಸಿಗ್ನಲ್ಲು ಮೇಡಂ. ನಮ್ಮಪ್ಪ ಕಾರ್ಖಾನ್ಯಾಗ ಖಲಾಸಿ ಇದ್ದ. ಆ ಸಪ್ಪಳದಾಗ ಮ್ಯಾಲ ಕುಂತ ಕ್ರೇನ್ ಡ್ರೈವರಗೆ ಏನೂ ಕೇಳಂಗಿಲ್ಲ. ಖಲಾಸಿ ಕೆಳಗ ನಿಂತು ಕೈಲೇ ಹೇಳಬೇಕು. ಬೆರಳು ಮ್ಯಾಲ ಮಾಡಿ ತಿರುವಿದ್ರ ಲೋಡ್ ಎತ್ತು. ಹಿಂಗ ಕೆಳಗ ಮಾಡಿ ತಿರುವಿದ್ರ ಇಳಿಸು. ಅದು ತಿರುವೂವಾಗ ಪಟ್ಟಿಗೆ ಬಡೀತೈತಿ ಅಷ್ಟ.”

“ಈಗ ಯಾರಿಗೆ ಇಳಿಸು ಅಂತಿದ್ದಾರೆ?”

ಸುಜಾತಾ ಅಪ್ಪನ ಮುಖ ನೋಡಿದಳು. ದುರುಗಪ್ಪನವರ ಮುಖದ ಒಂದು ಪಕ್ಕ ನಕ್ಕಿತು. “ಮೇಡಂಗ” ಎಂದರು. ಬೆರಳನ್ನು ಮೇಲೆ ತೋರಿಸಿ, “ಮೊದಲ ದಿನದಿಂದ... ಭಾಳ ಮ್ಯಾಲ ಹೋಗ್ತಾರ” ಎಂದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಒಂದೊಂದೇ ಪದ ಹುಡುಕುತ್ತ ಹೇಳಿದರು: “ಈ ಕೈಲೇ... ಅದನ್ನ ಬಿಟ್ಟೆ. ಈ ಕೈಲೇ... ಇದನ್ನ ಕಲ್ತೆ.”

ಚಹಾ ಕುಡಿಯುವಾಗ ಸುಜಾತಾ ಇನ್ನೂ ಒಂದು ಸಂಗತಿ ಹೇಳಿದಳು. ‘ನಿಧಾನ’ ಎಂಬ ಸಿಗ್ನಲ್ಲಿಗೆ ಎರಡು ಕೈ ಬೇಕಂತೆ. ಒಂದು ಕೈ ಸಿಗ್ನಲ್ ಕೊಡುತ್ತಿದ್ದರೆ ಇನ್ನೊಂದು ಕೈಯ ಅಂಗೈ ಅದರ ಮೇಲೆ ಅಲುಗಾಡದೆ ನಿಲ್ಲಬೇಕು. ಅಪ್ಪ ಈಗ ಎತ್ತು, ಇಳಿಸು, ನಿಲ್ಲಿಸು ಅನ್ನಬಲ್ಲ, ನಿಧಾನ ಅನ್ನಲಾರ ಎಂದಳು. ಮುಂದಿನ ವಾರ ಬಂದು ನಮಗೆ ಇದನ್ನೆಲ್ಲ ಕಲಿಸುತ್ತೀರಾ ಎಂದು ನಾನು ದುರುಗಪ್ಪನವರನ್ನೇ ಕೇಳಿದೆ. ಅವರು ತಲೆಯಾಡಿಸಿದರು.

ಬಂದರು. ಹಾಲಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ನಾವೆಲ್ಲ ಲೋಡು. ಬೆರಳು ಮೇಲೆ ತಿರುಗಿದರೆ ತೋಳೆತ್ತಿ ಏಳಬೇಕು, ಕೆಳಗೆ ತಿರುಗಿದರೆ ಬಾಗಬೇಕು, ಅಂಗೈ ಅಡ್ಡಡ್ಡ ಬೀಸಿದರೆ ನಿಂತಲ್ಲೇ ನಿಲ್ಲಬೇಕು. ದುರುಗಪ್ಪನವರ ಬೆನ್ನು ನೆಟ್ಟಗಾಗಿತ್ತು, ಕಣ್ಣಲ್ಲಿ ಖಲಾಸಿಯ ಗತ್ತು ಬಂದಿತ್ತು. ತಪ್ಪು ಮಾಡಿದರೆ ಗುರ್ ಎನ್ನುತ್ತಿದ್ದರು. ಈರಮ್ಮ ತೋಳೆತ್ತಿಕೊಂಡೇ, “ಯಪ್ಪಾ, ನನ್ನ ಇಳಿಸ್ರಿ, ಮ್ಯಾಲ ನಿಂತು ಭಾಳ ಹೊತ್ತಾತು” ಎಂದು ನಗುತ್ತಿದ್ದಳು. ನಾನು ಮೂಕಳಾಗಿ ನೋಡಬೇಕಿತ್ತು. ನೋಡಲಿಲ್ಲ. “ನೋಡ್ರಿ, ಇದೇ ದೇಹದ ನೆನಪು ಅನ್ನೋದು, ಅಂದ್ರೆ ಏನಪ್ಪಾ ಅಂದ್ರೆ...” ಎಂದು ಎಲ್ಲರಿಗೂ ವಿವರಿಸಲು ನಿಂತೆ. ದುರುಗಪ್ಪನವರ ಬೆರಳು ಕೆಳಗೆ ತಿರುಗಿತಂತೆ, ನಾನು ಗಮನಿಸಲಿಲ್ಲ. ಜೋರಾಗಿ ತಿರುಗಿತಂತೆ, ಆಗಲೂ ಇಲ್ಲ. ಆಗ ಅವರ ಬಲಗೈ ತೊಡೆಯನ್ನು ಬಿಟ್ಟು ನಡುಗುತ್ತ ಮೇಲೆದ್ದಿತು. ನಾಲ್ಕು ಬೆರಳಿನಷ್ಟು ಎತ್ತರ. ಎಡಗೈಯ ಮೇಲೆ ಬಂದು ನಿಲ್ಲಲು ನೋಡಿ, ಮುಟ್ಟದೆ ಬಿತ್ತು.

“ಯವ್ವಾ, ಕೈ ಎದ್ತು!” ಎಂದು ಈರಮ್ಮ ಚೀರಿದಳು. ಸುಜಾತಾ ಅಪ್ಪನ ಮುಂದೆ ನೆಲದ ಮೇಲೆ ಕೂತು ಆ ಕೈಯನ್ನು ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಏನಾಯಿತೆಂದು ಎಲ್ಲರಿಗಿಂತ ಕೊನೆಗೆ ತಿಳಿದದ್ದು ಮಾತ್ರ ನನಗೇ.

ಈಗ ನನ್ನ ಗೊಂದಲ ಕೇಳಿ. ಆ ದಿನದ ಎಡಪುಟದಲ್ಲಿ, ‘ಬಲಗೈ ನಾಲ್ಕು ಬೆರಳಿನಷ್ಟು ಎದ್ದಿತು’ ಎಂದು ಬರೆದೆ. ಕಾರಣ ಏನೆಂದು ಬರೆಯಲಿ? ಫಿಜಿಯೋದವರ ಎಂಟು ತಿಂಗಳ ಶ್ರಮ ಇದ್ದೇ ಇದೆ. ನನ್ನ ಪಾಲು ಎಷ್ಟೆಂದು ಪ್ರಾಮಾಣಿಕವಾಗಿ ಹುಡುಕಿದರೆ ಸಿಗುವುದು ಒಂದೇ, ನನ್ನ ಬಾಯಿ. ನಾನು ಪಾಠ ಕಲಿತು ಬಾಯಿ ಮುಚ್ಚಿಕೊಂಡರೆ ಆ ಕೈಗೆ ಏಳಲು ಕಾರಣವೇ ಇರುವುದಿಲ್ಲ. ಮುಚ್ಚದಿದ್ದರೆ ಇಷ್ಟೆಲ್ಲ ಆದಮೇಲೂ ನಾನು ಕಲಿತದ್ದೇನು? ಅವರು ಗುಣವಾಗುವವರೆಗೆ ನಾನು ಹೀಗೆಯೇ ಉಳಿಯಬೇಕೇ? ಅದು ಚಿಕಿತ್ಸೆಯೋ ನನ್ನ ಚಟವೋ? ಇದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ, ಸಿಗ್ನಲ್ಲುಗಳನ್ನೂ ಮಾಡಿ ತೋರಿಸುತ್ತ, ಅಡುಗೆಮನೆಯಲ್ಲಿ ಅವ್ವನಿಗೆ ಹೇಳಿದೆ. ಅವಳು ಜೋಳದ ಹಿಟ್ಟು ನಾದುತ್ತ ಕೇಳಿದಳು. “ಅದರ ಚಿಂತಿ ಬಿಡು, ಆ ಹಿರ್ಯಾರಿಗೆ ಲಗೂನ ಆರಾಮ ಆಗ್ತೈತಿ” ಎಂದಳು. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀ, ಇದರಲ್ಲಿ ಹಲವು ಅಂಶಗಳಿರುತ್ತವೆ, ಒಂದನೆಯದಾಗಿ ಎಂದು ನಾನು ಶುರು ಮಾಡಿದೆ. ಅವ್ವ ಹಿಟ್ಟಿನ ಬೆರಳನ್ನು ಕೆಳಗೆ ಮಾಡಿ ನಿಧಾನವಾಗಿ ತಿರುಗಿಸಿದಳು. ಅದರ ಮೇಲೆ ಇನ್ನೊಂದು ಅಂಗೈಯನ್ನೂ ಹಿಡಿದಳು.