ಪ್ರಭಾರ ಮುಚ್ಚಳಾಧಿಕಾರಿಯ ನೇಮಕಾತಿ

ಬಿದಿರಿನ ಬುಟ್ಟಿಯ ಮುಚ್ಚಳವನ್ನು ತೆರೆಯುವ ಅಧಿಕಾರ ಗ್ರಾಹಕರಿಗೆ ಇರುವುದಿಲ್ಲ. ನಗರದ ಅತಿ ದುಬಾರಿ ಚೀನೀ ಹೋಟೆಲಿನಲ್ಲಿ ಈ ನಿಯಮ ಬಾಗಿಲು ತೆರೆದ ದಿನದಿಂದಲೂ ಜಾರಿಯಲ್ಲಿದೆ. ಅಲ್ಲಿ ಬಡಿಸುವುದು ಡಿಮ್ ಸಮ್. ಎಂದರೆ, ತೆಳ್ಳನೆಯ ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿ, ಮೇಲೊಂದು ಜುಟ್ಟು ಕಟ್ಟಿ, ಬುಟ್ಟಿಯಲ್ಲಿಟ್ಟು ಹಬೆಯಲ್ಲಿ ಬೇಯಿಸಿದ ಪುಟ್ಟ ಪುಟ್ಟ ಗಂಟುಗಳು. ಬುಟ್ಟಿ ಮೇಜಿಗೆ ಬಂದ ಮೇಲೆ ಮುಚ್ಚಳಾಧಿಕಾರಿಗಳು ಖುದ್ದಾಗಿ ಬಂದು ಅದನ್ನು ತೆರೆಯುತ್ತಾರೆ. ಅಲ್ಲಿಯವರೆಗೆ ಗ್ರಾಹಕರು ಮುಚ್ಚಳವನ್ನು ನೋಡಬಹುದು.

ಈ ವಿಷಯ ಅಳಿಯನಿಗೆ ಗೊತ್ತಿರಲಿಲ್ಲ. ಅವನು ಲಿಫ್ಟ್ ರಿಪೇರಿಯವನು. ಆ ಕಟ್ಟಡದ ಲಿಫ್ಟು ಮಹಡಿಗಳ ನಡುವೆ ಸಿಕ್ಕಿಕೊಂಡಾಗ ಹೋಗಿ ಬಿಡಿಸಿದ್ದ. ಆಗ ಹೋಟೆಲಿನ ಒಳಗಿಂದ ತೇಲಿಬಂದ ಘಮ ಅವನ ಮೂಗಿನಲ್ಲೇ ಮನೆ ಮಾಡಿಕೊಂಡಿತ್ತು. ಅತ್ತೆಯನ್ನು ಎಲ್ಲಿಗಾದರೂ ಊಟಕ್ಕೆ ಕರೆದುಕೊಂಡು ಹೋಗಲೇಬೇಕು ಎಂದಾದಾಗ ಅವನಿಗೆ ಬೇರೆ ಜಾಗ ಹೊಳೆಯಲಿಲ್ಲ.

ಕರೆದುಕೊಂಡು ಹೋಗಲೇಬೇಕಾಗಿತ್ತು. ಅತ್ತೆ ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಆಗಿದ್ದವರು. ನಿವೃತ್ತರಾಗಿ ಮಗಳ ಮನೆಗೆ ಬಂದವರೇ ಮನೆಯನ್ನು ವಾರ್ಡ್ ಮಾಡಿಬಿಟ್ಟಿದ್ದರು. ಹಾಸಿಗೆಯ ಚಾದರ ಬಿಗಿಯಾಗಿ ಎಳೆದು ಸಿಕ್ಕಿಸದಿದ್ದರೆ ಬೆಳಗಿನ ತಿಂಡಿ ಇಲ್ಲ. ಅಳಿಯ ಕೆಮ್ಮಿದರೆ ಬಾಯಿಗೆ ಥರ್ಮಾಮೀಟರ್. ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದರೆ, "ಇದು ವಿಸಿಟರ್‌ಗಳನ್ನ ಬಿಡೋ ಹೊತ್ತಲ್ಲ" ಎಂದು ಕದ ಹಾಕಿದ್ದರು. ಆದರೆ ಮಧ್ಯಾಹ್ನ, ಯಾರೂ ನೋಡುತ್ತಿಲ್ಲ ಅಂದುಕೊಂಡಾಗ, ಕಿಟಕಿಯ ಹತ್ತಿರ ಕೂತು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರು. ಅದನ್ನು ಅಳಿಯ ಒಮ್ಮೆ ಕಂಡುಬಿಟ್ಟಿದ್ದ. ಆಮೇಲೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅವನಿಗೆ ಕಷ್ಟವಾಗಿತ್ತು.

"ಅಮ್ಮನಿಗೆ ಕೈಗೆ ಕೆಲಸ ಇಲ್ಲ ರೀ, ಅದಕ್ಕೇ ಹೀಗೆ," ಅಂದಿದ್ದಳು ಹೆಂಡತಿ. "ಭಾನುವಾರ ಹೊರಗಡೆ ಹೋಗೋಣ. ಸ್ವಲ್ಪ ನಗ್ತಾಳೇನೋ ನೋಡೋಣ."

ಭಾನುವಾರ ಮಧ್ಯಾಹ್ನ ಮೂವರೂ ಹೊರಟರು. ಹೋಟೆಲಿನ ಬಾಗಿಲಲ್ಲಿ ರೇಷ್ಮೆ ಉಡುಪಿನ ಸ್ವಾಗತಕಾರಿಣಿ ಕೈಮುಗಿದು ಕೇಳಿದಳು: "ತಮಗೆ ಹಸಿವಾಗಿದೆಯೇ?"

"ಆಗಿದೆಯಮ್ಮಾ!" ಅಂದ ಅಳಿಯ ಹುರುಪಿನಿಂದ.

ಅವಳ ಮುಖ ಬಾಡಿತು. "ಕ್ಷಮಿಸಿ ಸರ್. ಹಸಿದವರಿಗೆ ಪ್ರವೇಶವಿಲ್ಲ. ಹಸಿವಿನಿಂದ ರುಚಿಯ ನಿಷ್ಪಕ್ಷಪಾತ ಮೌಲ್ಯಮಾಪನಕ್ಕೆ ಧಕ್ಕೆಯಾಗುತ್ತದೆ. ಕೆಳಗಡೆ ಬೇಕರಿ ಇದೆ, ಏನಾದರೂ ತಿಂದುಕೊಂಡು ಬನ್ನಿ."

"ಇವರು ತಮಾಷೆ ಮಾಡ್ತಾರೆ," ಅಂದಳು ಹೆಂಡತಿ ತಕ್ಷಣ. "ನಮಗೆ ಹೊಟ್ಟೆ ಬಿರಿಯೋ ಹಾಗಿದೆ." ಅಷ್ಟರಲ್ಲಿ ಅಳಿಯನ ಹೊಟ್ಟೆ ಗುರ್ ಎಂದಿತು. ಹೆಂಡತಿ ಅದನ್ನು ಮುಚ್ಚಲು ಜೋರಾಗಿ ಕೆಮ್ಮಿದಳು. ಅತ್ತೆಯ ಕೈ ತಾನಾಗಿಯೇ ಥರ್ಮಾಮೀಟರ್ ಹುಡುಕಿತು. ಹೀಗೆ ಅವರಿಗೆ ಒಳಗೆ ಜಾಗ ಸಿಕ್ಕಿತು.

ಒಳಗೆ ಮಂದ ಬೆಳಕು, ಕರಿ ಕಲ್ಲಿನ ಗೋಡೆ, ಗೋಡೆಯ ಮೇಲೆ ನೀರು ಹರಿಯುವ ಸದ್ದು. ಎಲ್ಲ ಮೇಜುಗಳ ಮೇಲೂ ಬುಟ್ಟಿಗಳಿದ್ದವು. ಎಲ್ಲ ಬುಟ್ಟಿಗಳ ಮೇಲೂ ಮುಚ್ಚಳಗಳಿದ್ದವು. ಚೆನ್ನಾಗಿ ಉಟ್ಟುತೊಟ್ಟ ಜನ ಅವುಗಳ ಮುಂದೆ ಕೈಕಟ್ಟಿ ಕೂತಿದ್ದರು. ಕೆಲವರು ಮುಚ್ಚಳದ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಇವರ ಮೇಜಿಗೂ ಬುಟ್ಟಿಗಳು ಬಂದವು. ಅಂಚಿನಿಂದ ಹಬೆ ನುಸುಳಿತು. ಅಳಿಯನ ಬಾಯಲ್ಲಿ ನೀರೂರಿತು. ಕೈ ಚಾಚಿದ.

"ಸರ್!" ಮಾಣಿ ಮೈಗೆ ಬೆಂಕಿ ಬಿದ್ದವನಂತೆ ಕೂಗಿದ. "ಮುಟ್ಟಬೇಡಿ. ಮುಚ್ಚಳಾಧಿಕಾರಿಗಳೇ ಬರಬೇಕು."

"ಸರಿ, ಕರೀರಿ."

"ಅವರು ಮುಚ್ಚಳ ತೆರೆಯುವ ಉನ್ನತ ತರಬೇತಿಗೆ ಹೊರದೇಶಕ್ಕೆ ಹೋಗಿದ್ದಾರೆ."

"ಯಾವಾಗ ಬರ್ತಾರೆ?"

"ಈಗ ಮುಚ್ಚುವ ತರಬೇತಿ ನಡೀತಿದೆ ಸರ್. ಅದು ಪಾಸಾದರೆ ತೆರೆಯೋದು ಶುರು ಮಾಡ್ತಾರಂತೆ."

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: "ಗ್ರಾಹಕರ ಗಮನಕ್ಕೆ. ಬುಟ್ಟಿಯಿಂದ ಹೊರಬರುವ ಹಬೆ ಸಂಸ್ಥೆಯ ಸ್ವತ್ತಾಗಿರುತ್ತದೆ. ಅದನ್ನು ಉದ್ದೇಶಪೂರ್ವಕವಾಗಿ ಮೂಸುವವರು ಸುವಾಸನಾ ಶುಲ್ಕಕ್ಕೆ ಒಳಪಡುತ್ತಾರೆ. ಸಹಜ ಉಸಿರಾಟಕ್ಕೆ ವಿನಾಯಿತಿ ಇರುತ್ತದೆ."

ಅಳಿಯ ಗಾಬರಿಯಿಂದ ಬಾಯಲ್ಲಿ ಉಸಿರಾಡತೊಡಗಿದ. ಪಕ್ಕದ ಮೇಜಿನಲ್ಲಿದ್ದ ವಕೀಲರೊಬ್ಬರು ಇವನ ಕಡೆ ಬಾಗಿದರು. "ಮೊದಲ ಸಲವಾ? ನಾವು ಮಗಳ ನಿಶ್ಚಿತಾರ್ಥ ಮಾತಾಡೋಕೆ ಬಂದಿದ್ವಿ, ಮದುವೆಯಾದ ಮೇಲೂ ಬಂದ್ವಿ, ಈಗ ಮೊಮ್ಮಗನ ಹುಟ್ಟುಹಬ್ಬ. ಒಂದ್ಸಲಾನೂ ಮುಚ್ಚಳ ತೆಗೆದಿಲ್ಲ. ಆದರೆ ಏನು ಸರ್ವೀಸು ಅಂತೀರಿ! ಇಂಥ ಜಾಗ ಇನ್ನೊಂದಿಲ್ಲ."

 ಅತ್ತೆ ಬಳೆ ಹಿಂದಕ್ಕೆ ಸರಿಸಿ, ನ್ಯಾಪ್‌ಕಿನ್ನಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

"ಅತ್ತೆ, ಬೇಡ," ಅಂದ ಅಳಿಯ.

"ಅಳಿಯಂದ್ರೇ, ನಿಮ್ಮ ಮುಖ ಬಿಳಿಚಿಕೊಂಡಿದೆ. ಇನ್ನು ಸ್ವಲ್ಪ ಹೊತ್ತಾದ್ರೆ ಗ್ಲೂಕೋಸ್ ಹಾಕಬೇಕಾಗತ್ತೆ," ಎಂದವರೇ ಅತ್ತೆ ಗಾಯದ ಪಟ್ಟಿ ಬಿಚ್ಚುವ ಹದದಲ್ಲಿ ಮುಚ್ಚಳ ಎತ್ತಿದರು. ಹಬೆ ಭುಸ್ ಎಂದು ಮೇಲೆದ್ದಿತು.  ಯಾರೋ ಚಮಚ ಬೀಳಿಸಿದರು. ಬುಟ್ಟಿಯೊಳಗೆ ಬೆಳ್ಳಗಿನ ಗಂಟುಗಳು ಕೂಸುಗಳಂತೆ ಒತ್ತೊತ್ತಾಗಿ ಮಲಗಿದ್ದವು. ಅತ್ತೆ ಒಂದನ್ನು ಎತ್ತಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, "ಉಪ್ಪು ಕಮ್ಮಿ" ಅಂದರು.

ಮ್ಯಾನೇಜರು ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಓಡಿಬಂದರು. ಸ್ಥಳದಲ್ಲೇ ವಿಚಾರಣಾ ಸಮಿತಿ ರಚನೆಯಾಯಿತು. ತಟಸ್ಥ ಸದಸ್ಯರಾಗಿ ವಕೀಲರನ್ನು ಸೇರಿಸಿಕೊಳ್ಳಲಾಯಿತು.

"ಮುಚ್ಚಳ ತೆಗೆದವರು ಯಾರು?"

"ನಾನೇ," ಅಂದರು ಅತ್ತೆ.

"ಒಳಗಿದ್ದ ಗಂಟನ್ನು ಹಾಜರುಪಡಿಸಿ."

"ಹೊಟ್ಟೇಲಿದೆ."

ಸಮಿತಿ ಪೇಚಿಗೆ ಸಿಕ್ಕಿತು. ಅಧಿಕಾರಿಯಲ್ಲದವರು ಮುಚ್ಚಳ ತೆರೆಯಲು ಸಾಧ್ಯವೇ ಇಲ್ಲ ಎಂದು ನಿಯಮ ಹೇಳುತ್ತದೆ. ಆದರೆ ಮುಚ್ಚಳ ತೆರೆದಿದೆ. ಗಂಟನ್ನು ಹಿಂದಿರುಗಿಸಿ ಯಥಾಸ್ಥಿತಿಗೆ ತರುವ ಬಗ್ಗೆ ಅತ್ತೆ ವೈದ್ಯಕೀಯ ಕಾರಣಗಳಿಂದ ಅಸಹಾಯಕತೆ ವ್ಯಕ್ತಪಡಿಸಿದರು. ವಕೀಲರು ಗಂಟಲು ಸರಿಮಾಡಿಕೊಂಡು ಹೇಳಿದರು: "ನಿಯಮ ಸುಳ್ಳಾಗೋಕೆ ಬರೋದಿಲ್ಲ. ಅಂದಮೇಲೆ, ತೆರೆದವರು ಅಧಿಕಾರಿಯೇ ಆಗಿರಬೇಕು. ನಿಮಗೆ ಗೊತ್ತಿರಲಿಲ್ಲ, ಅಷ್ಟೇ."

ಎಲ್ಲರಿಗೂ ಇದು ಸಮಂಜಸವಾಗಿ ಕಂಡಿತು. ಮುಚ್ಚಳ ಎತ್ತುವುದಕ್ಕೆ ಒಂದು ಕ್ಷಣ ಮುಂಚಿನಿಂದ ಅನ್ವಯವಾಗುವಂತೆ ಅತ್ತೆಯವರನ್ನು ಪ್ರಭಾರ ಮುಚ್ಚಳಾಧಿಕಾರಿಯನ್ನಾಗಿ ನೇಮಿಸಲಾಯಿತು. ಮ್ಯಾನೇಜರು ಬಿಳಿ ಕೈಗವಸು ತಂದು ಒಪ್ಪಿಸಿದರು. ಅತ್ತೆ ಅದನ್ನು ತೊಟ್ಟು, ಬೆರಳುಗಳನ್ನು ಬಿಡಿಸಿ ಮಡಚಿ ನೋಡಿದರು. ನಿವೃತ್ತಿಯಾದ ಮೇಲೆ ಮೊದಲ ಸಲ ಅವರ ಮುಖದ ಮೇಲೆ ನಗು ಬಂತು. ಹೆಂಡತಿ ಮೇಜಿನ ಕೆಳಗೆ ಗಂಡನ ಕೈ ಒತ್ತಿದಳು. ಅಳಿಯನ ಎದೆ ತುಂಬಿ ಬಂತು. ಹೊಟ್ಟೆ ಮಾತ್ರ ಹಾಗೇ ಇತ್ತು. ಬುಟ್ಟಿಗೆ ಕೈ ಹಾಕಿದ.

ಅತ್ತೆ ಪಟ್ಟನೆ ಮುಚ್ಚಳ ಮುಚ್ಚಿದರು.

"ಅತ್ತೆ?"

"ಡ್ಯೂಟಿ ಮೇಲಿದೀನಿ ಅಳಿಯಂದ್ರೇ. ಸ್ವಂತದವರ ಬುಟ್ಟಿ ನಾನೇ ತೆಗೆದ್ರೆ ನಾಲ್ಕು ಜನ ಏನಂದಾರು? ನಿಮ್ಮದನ್ನ ಬೇರೆ ಅಧಿಕಾರಿ ತೆಗೀಬೇಕು."

"ಬೇರೆ ಅಧಿಕಾರಿ ಹೊರದೇಶದಲ್ಲಿದಾರಲ್ಲ!"

"ಬರ್ತಾರೆ. ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ಳಿ."

ಅತ್ತೆ ರೌಂಡ್ಸ್ ಶುರು ಮಾಡಿದರು. ಪ್ರತಿ ಮೇಜಿನ ಬಳಿ ನಿಂತು ಬುಟ್ಟಿಯ ಪಕ್ಕೆ ಮುಟ್ಟಿ ಬಿಸಿ ನೋಡಿದರು, ಗ್ರಾಹಕರ ನಾಲಿಗೆ ಚಾಚಿಸಿ ಪರೀಕ್ಷಿಸಿದರು. "ನಿಮಗೆ ಇವತ್ತು ಬೇಡ, ಗಂಜಿ ಕುಡೀರಿ" ಎಂದು ವಕೀಲರಿಗೆ ಹೇಳಿದರು. ವಕೀಲರು ಭಾವುಕರಾದರು. "ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ನನ್ನನ್ನ ಇಷ್ಟು ಹತ್ತಿರದಿಂದ ನೋಡಿರಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಒಂದು ಮುಚ್ಚಳವೂ ತೆರೆಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಂಜೆ ಗಂಡಹೆಂಡತಿ ಇಬ್ಬರೇ ಮನೆಗೆ ಬಂದರು. ಅತ್ತೆಗೆ ಎರಡನೇ ಪಾಳಿಯೂ ಇತ್ತು. ಹೆಂಡತಿ ಬಟ್ಟೆ ಬದಲಿಸದೆಯೇ ಒಲೆಯ ಮೇಲೆ ಅನ್ನಕ್ಕಿಟ್ಟಳು. ಬೆಂದ ವಾಸನೆ ಬಂತು. ಇಬ್ಬರೂ ತಟ್ಟೆ ಹಿಡಿದು ಪಾತ್ರೆಯ ಮುಂದೆ ನಿಂತರು. ಪಾತ್ರೆಯ ಮೇಲೆ ಮುಚ್ಚಳವಿತ್ತು.

"ನೀವು ತೆಗೀರಿ," ಅಂದಳು ಹೆಂಡತಿ.

"ನಾನಾ? ನನಗೇನು ಅಧಿಕಾರ ಇದೆ?" ಅಂದ ಅಳಿಯ.

ಹೆಂಡತಿ ಯೋಚಿಸಿ ಫೋನ್ ಮಾಡಿದಳು. ಆ ಕಡೆಯಿಂದ ಅತ್ತೆಯ ದನಿ ಅಡುಗೆಮನೆಯೆಲ್ಲ ಕೇಳಿಸಿತು: "ಯಾರೂ ಮುಟ್ಟಬೇಡಿ. ಪಾಳಿ ಮುಗಿಸಿ ಬಂದು ನೋಡ್ತೀನಿ."

ಇಬ್ಬರೂ ಕುರ್ಚಿ ಎಳೆದುಕೊಂಡು ಒಲೆಯ ಮುಂದೆ ಕೈಕಟ್ಟಿ ಕೂತರು.

"ಘಮ ಚೆನ್ನಾಗಿದೆ," ಅಂದ ಅಳಿಯ.

"ಜಾಸ್ತಿ ಮೂಸಬೇಡಿ ರೀ," ಅಂದಳು ಹೆಂಡತಿ.